ಗಾಸಿಯನ್ ಪ್ರಕ್ರಿಯೆಗೆ ಓರೆ ಕೊಟ್ಟೆ, ರೆಕಾರ್ಡಿಂಗ್‌ನಲ್ಲಿ ಓರೆ ಕಾಣುತ್ತಿಲ್ಲ. ಎಲ್ಲಿ ತಪ್ಪಿದೆ?

ಭಟ್ಟಿ ಓಣಿ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ನಾಲ್ಕು ದಿನದಿಂದ ಒಂದೇ ಕಡೆ ಸಿಕ್ಕಿಕೊಂಡಿದ್ದೇನೆ, ದಯವಿಟ್ಟು ನೋಡಿ.

ನಾನು ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಸಿಗ್ನಲ್ ಪ್ರೊಸೆಸಿಂಗ್ ಪಾಠ ಮಾಡುತ್ತೇನೆ. ಮನೆ ಇರುವುದು ಮಂಡಕ್ಕಿ ಭಟ್ಟಿಗಳ ಪಕ್ಕದ ಓಣಿಯಲ್ಲಿ. ಮಹಡಿ ಮೇಲೆ ಒಂದು ಧೂಳಿನ ಸೆನ್ಸರ್ ಇಟ್ಟಿದ್ದೇನೆ. ನಿಮಿಷಕ್ಕೊಂದು ರೀಡಿಂಗ್, ದಿನಕ್ಕೆ 1440 ಅಂಕಿ. ಹಿಸ್ಟೋಗ್ರಾಂ ಹಾಕಿದರೆ ಎಡಗಡೆ ಒಂದು ಗುಡ್ಡ, ಬಲಗಡೆ ಉದ್ದನೆಯ ಬಾಲ. ಹುಡುಗರಿಗೆ ಬೋರ್ಡಿನ ಮೇಲೆ ಬರೆದು ತೋರಿಸುವ ಗಂಟೆ ಆಕಾರದ ನಾರ್ಮಲ್ ಕರ್ವ್ ಅಲ್ಲವೇ ಅಲ್ಲ.

ಹಾಗಾಗಿ ಗಾಸಿಯನ್ ಪ್ರಕ್ರಿಯೆಯನ್ನೇ (ಯಾವ ಕ್ಷಣಗಳನ್ನು ಆರಿಸಿದರೂ ಅವುಗಳ ಅಂಕಿಗಳು ಒಟ್ಟಾಗಿ ನಾರ್ಮಲ್ ಆಗಿರುವ ಸಿಗ್ನಲ್ ಮಾದರಿ) ಸ್ವಲ್ಪ ಓರೆ ಮಾಡೋಣ, ಅಂದರೆ ಒಂದೇ ಕಡೆ ಉದ್ದನೆಯ ಬಾಲ ಬರಿಸೋಣ ಎಂದುಕೊಂಡೆ. ಸಂಖ್ಯಾಶಾಸ್ತ್ರಜ್ಞ ಅಜ್ಜಾಲಿನಿ 1985ರಲ್ಲಿ ಕೊಟ್ಟ ಸ್ಕ್ಯೂ ನಾರ್ಮಲ್ (ಓರೆಯಾದ ನಾರ್ಮಲ್) ಗೊತ್ತಿತ್ತು. ನಾರ್ಮಲ್ ಡೆನ್ಸಿಟಿಯನ್ನು ಎರಡರಿಂದ ಗುಣಿಸಿ, ಅಂಕಿಯನ್ನು ಆಲ್ಫಾ ಪಟ್ಟು ಮಾಡಿ ಹಾಕಿದ ನಾರ್ಮಲ್ ಕ್ಯುಮುಲೇಟಿವ್ ಫಂಕ್ಷನ್ನಿನಿಂದ ಮತ್ತೆ ಗುಣಿಸುವುದು. ಓರೆ ಎಷ್ಟು ಎಂದು ಹೇಳುವುದು ಈ ಆಲ್ಫಾ. ಆಲ್ಫಾ ಶೂನ್ಯವಾದರೆ ನಮ್ಮ ಹಳೇ ನಾರ್ಮಲ್ ವಾಪಸ್ ಬರುತ್ತದೆ. ಇದನ್ನು ತಯಾರಿಸುವ ಸುಲಭ ದಾರಿಯೂ ಇದೆ. ಒಂದು ನಾರ್ಮಲ್ ಅಂಕಿ ತಗೊಂಡು ಅದರ ಮೈನಸ್ ಚಿಹ್ನೆ ಅಳಿಸಿ, ಡೆಲ್ಟಾದಿಂದ (ಆಲ್ಫಾದಿಂದಲೇ ಸಿಗುವ, ಒಂದಕ್ಕಿಂತ ಚಿಕ್ಕ ಅಂಕಿ) ಗುಣಿಸಿ, ಇನ್ನೊಂದು ನಾರ್ಮಲ್ ಅಂಕಿಯ ಒಂದು ಪಾಲನ್ನು ಕೂಡಿಸಬೇಕು.

ಆಲ್ಫಾ 5 ಇಟ್ಟೆ. ಡೆಲ್ಟಾ 0.98 ಆಯಿತು. ಲೆಕ್ಕದ ಪ್ರಕಾರ ಸರಾಸರಿ 0.78, ವೇರಿಯನ್ಸ್ (ಹರಡಿಕೆಯ ಅಳತೆ) 0.39, ಸ್ಕ್ಯೂನೆಸ್ (ಓರೆಯ ಅಳತೆ) 0.85 ಬರಬೇಕು. ಎರಡನೇ ನಾರ್ಮಲ್ ಅಂಕಿಯ ಜಾಗದಲ್ಲಿ ಗಾಸಿಯನ್ ಪ್ರಕ್ರಿಯೆಯನ್ನು ಕೂರಿಸಿ, ಪೈಥಾನ್‌ನಲ್ಲಿ 1440 ಬಿಂದುಗಳ ಸಿಗ್ನಲ್ ತೆಗೆದೆ. ಹಿಸ್ಟೋಗ್ರಾಂ ನೋಡಿದರೆ ಎರಡೂ ಕಡೆ ಸಮ! ಓರೆಯ ಸುಳಿವೇ ಇಲ್ಲ. ಮತ್ತೆ ಓಡಿಸಿದೆ. ಮತ್ತೆ ಸಮ, ಆದರೆ ಗುಡ್ಡ ಬೇರೆ ಜಾಗದಲ್ಲಿ. ಒಂದು ಸಲ ಸರಾಸರಿ 0.30, ಇನ್ನೊಂದು ಸಲ 1.60. ವೇರಿಯನ್ಸ್ ಮಾತ್ರ ಪ್ರತಿ ಸಲ 0.04ರ ಆಸುಪಾಸು. ಬರಬೇಕಾದದ್ದರ ಹತ್ತನೇ ಒಂದು ಭಾಗ!

ಸೂತ್ರ ಹತ್ತು ಸಲ ನೋಡಿದ್ದೇನೆ, ಸರಿಯಾಗೇ ಇದೆ. ಮತ್ತೆ ಓರೆ ಎಲ್ಲಿ ಹೋಯಿತು?

ಲೆಕ್ಕದ ಮೇಷ್ಟ್ರು (ದಾವಣಗೆರೆ)

ಒಂದೇ ಪ್ರಶ್ನೆ ಕೇಳುತ್ತೇನೆ. ಮೈನಸ್ ಅಳಿಸಿದ ಆ ಅಂಕಿಯನ್ನು ಎಷ್ಟು ಸಲ ತೆಗೆದಿರಿ? ಇಡೀ ಸಿಗ್ನಲ್‌ಗೆ ಒಂದಾ, ಪ್ರತಿ ನಿಮಿಷಕ್ಕೆ ಒಂದಾ?

ಭಟ್ಟಿ ಓಣಿ

ಇಡೀ ಸಿಗ್ನಲ್‌ಗೆ ಒಂದೇ ಸರ್. ಲೂಪ್‌ನ ಹೊರಗೆ ಬರೆದಿದ್ದೇನೆ. ಬಹುಆಯಾಮದ ಸ್ಕ್ಯೂ ನಾರ್ಮಲ್‌ನಲ್ಲೂ ಹಾಗೇ ಅಲ್ವಾ? 1996ರ ಅಜ್ಜಾಲಿನಿ ಮತ್ತು ಡಲ್ಲಾ ವಾಲೆ ರೂಪದಲ್ಲಿ ಎಲ್ಲ ಘಟಕಗಳಿಗೂ ಮೈನಸ್ ಅಳಿಸಿದ ಒಂದೇ ಗುಪ್ತ ಅಂಕಿ ಇದೆ.

ಲೆಕ್ಕದ ಮೇಷ್ಟ್ರು

ಹೌದು, ಅದು ಹಾಗೇ ಇದೆ. ನಿಮ್ಮ ಕೋಡ್‌ನಲ್ಲಿ ತಪ್ಪಿಲ್ಲ.

ಒಂದು ರೆಕಾರ್ಡಿಂಗ್‌ನ ಒಳಗೆ ಕೂತು ನೋಡಿ. ಆ ಗುಪ್ತ ಅಂಕಿ ಒಂದು ಸಲ ಬಿದ್ದಾಯಿತು, ಮುಗಿಯಿತು. ಆಮೇಲೆ ಅದು ಬರೀ ಒಂದು ಸ್ಥಿರಾಂಕ. ಗಾಸಿಯನ್ ಸಿಗ್ನಲ್‌ಗೆ ಸ್ಥಿರಾಂಕ ಕೂಡಿಸಿದರೆ ಗುಡ್ಡ ಆ ಕಡೆ ಈ ಕಡೆ ಸರಿಯುತ್ತದೆ ಅಷ್ಟೇ, ಓರೆ ಆಗುವುದಿಲ್ಲ. ನಿಮಗೆ 0.30 ಮತ್ತು 1.60 ಬಂದದ್ದು ಅದಕ್ಕೇ. ವೇರಿಯನ್ಸ್‌ನಲ್ಲೂ ಎರಡನೇ ಪಾಲು ಮಾತ್ರ ಉಳಿಯುತ್ತದೆ. ಒಂದರಲ್ಲಿ ಡೆಲ್ಟಾ ವರ್ಗ ಕಳೆಯಿರಿ, 26ರಲ್ಲಿ ಒಂದು ಪಾಲು, ಅಂದರೆ 0.038. ನಿಮ್ಮ 0.04 ಅದೇ.

ಇದೇ ಸಿಗ್ನಲ್ಲನ್ನು ಸಾವಿರ ಸಲ ಓಡಿಸಿ. ಪ್ರತಿ ರೆಕಾರ್ಡಿಂಗ್‌ನಿಂದ ಹತ್ತನೇ ನಿಮಿಷದ ಅಂಕಿ ಒಂದನ್ನೇ ಎತ್ತಿಕೊಂಡು ಹಿಸ್ಟೋಗ್ರಾಂ ಹಾಕಿ. ಚೆನ್ನಾಗಿ ಬಲಕ್ಕೆ ವಾಲಿರುತ್ತದೆ, 0.85 ಸಿಗುತ್ತದೆ. ಓರೆ ಇರುವುದು ರೆಕಾರ್ಡಿಂಗ್‌ಗಳ ನಡುವೆ, ರೆಕಾರ್ಡಿಂಗ್‌ನ ಒಳಗಲ್ಲ. ನಮ್ಮ ಕೈಗೆ ಸಿಗುವುದು ಒಂದೇ ರೆಕಾರ್ಡಿಂಗ್ ತಾನೇ? ಸಿಗ್ನಲ್ ಕೆಲಸದವರಿಗೆ ಇದು ದೊಡ್ಡ ತೊಂದರೆ.

ಹೊಸಬರಿಗಾಗಿ, ಈ ಓರೆ ಹುಟ್ಟುವುದು ಹೇಗೆ ಅಂತ ನಮ್ಮ ಮಾರುಕಟ್ಟೆಯ ಮೆಕ್ಕೆಜೋಳ ಇಟ್ಟುಕೊಂಡು ಹೇಳುತ್ತೇನೆ. ಚೀಲದ ತೂಕ, ಕಾಳಿನ ತೇವ ಎರಡೂ ನಾರ್ಮಲ್ ಎಂದುಕೊಳ್ಳಿ. ತೇವ ಜಾಸ್ತಿ ಇದ್ದ ಚೀಲ ತೂಕವೂ ಜಾಸ್ತಿ. ವ್ಯಾಪಾರಿ ತೇವ ಸರಾಸರಿಗಿಂತ ಜಾಸ್ತಿ ಇರುವ ಚೀಲಗಳನ್ನೆಲ್ಲ ಪಕ್ಕಕ್ಕೆ ಹಾಕಿಸಿದ. ಉಳಿದ ಚೀಲಗಳ ತೂಕ ಈಗ ನಾರ್ಮಲ್ ಅಲ್ಲ. ಭಾರದ ಕಡೆ ಕತ್ತರಿಸಿದಂತಾಗಿ ಎಡಕ್ಕೆ ವಾಲಿದ ಸ್ಕ್ಯೂ ನಾರ್ಮಲ್ ಆಗಿರುತ್ತದೆ. ಕಣ್ಣಿಗೆ ಕಾಣದ ಒಂದು ಆಯ್ಕೆ ನಡೆದುಹೋಗಿದೆ, ಅದರ ಗುರುತು ತೂಕದ ಮೇಲೆ ಉಳಿದಿದೆ. ನಿಮ್ಮ ಸಿಗ್ನಲ್‌ನಲ್ಲಿ ಆ ಆಯ್ಕೆ ದಿನಕ್ಕೆ ಒಂದೇ ಸಲ ನಡೆಯುತ್ತಿದೆ.

ವೇದಾವತಿ ದಂಡೆ (ಹಿರಿಯೂರು)

ಮೇಷ್ಟ್ರು ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. ನನ್ನ ಸಂಶೋಧನೆಯ ಮೊದಲ ವರ್ಷ ಪೂರ್ತಿ ಈ ಗುಂಡಿಯಲ್ಲೇ ಕಳೆದಿದ್ದೆ.

ಗಾಸಿಯನ್ ಪ್ರಕ್ರಿಯೆ ಇಷ್ಟು ಸಲೀಸಾಗಿ ಕೆಲಸ ಮಾಡಲು ಕಾರಣ ಇದೆ. ಸರಾಸರಿ ಮತ್ತು ಕೋವೇರಿಯನ್ಸ್ (ಎರಡು ಕ್ಷಣಗಳ ಅಂಕಿಗಳು ಎಷ್ಟು ಜೊತೆಯಾಗಿ ಏರಿಳಿಯುತ್ತವೆ ಎಂಬ ಅಳತೆ) ಕೊಟ್ಟರೆ ಸಾಕು, ಹತ್ತು ಕ್ಷಣಗಳ ಹಂಚಿಕೆ ಬರೆಯಬಹುದು. ಅದರಲ್ಲಿ ಮೂರು ಕ್ಷಣ ಕೈಬಿಟ್ಟರೆ ಉಳಿದ ಏಳರ ಹಂಚಿಕೆ ತಾನಾಗೇ ಹೊಂದಿಕೊಳ್ಳುತ್ತದೆ. ಈ ಹೊಂದಿಕೆ ಇದ್ದರೆ ಮಾತ್ರ ಅಂಥದ್ದೊಂದು ಪ್ರಕ್ರಿಯೆ ಇದೆ ಎಂದು ಹೇಳಬಹುದು. ಗಣಿತಜ್ಞ ಕೊಲ್ಮೊಗೊರೊವ್ 1933ರಲ್ಲಿ ಹಾಕಿಕೊಟ್ಟ ಅಡಿಪಾಯ ಅದು. ಸ್ಕ್ಯೂ ನಾರ್ಮಲ್‌ನಲ್ಲಿ ಘಟಕ ಕೈಬಿಟ್ಟಾಗ ಉಳಿದವುಗಳ ಆಲ್ಫಾ ಬದಲಾಗುತ್ತದೆ, ಡೆಲ್ಟಾ ಬದಲಾಗುವುದಿಲ್ಲ. ಎಷ್ಟು ಕ್ಷಣ ತಗೊಂಡರೂ ಆಲ್ಫಾ ಇಷ್ಟೇ ಇರಲಿ ಎಂದು ಸುಮ್ನೆ ಬರೆದುಬಿಟ್ಟರೆ ಅಂಥ ಪ್ರಕ್ರಿಯೆಯೇ ಇರುವುದಿಲ್ಲ. 2012ರಲ್ಲಿ ಮಿನೊಝೊ ಮತ್ತು ಫೆರ್ರಕುಟಿ ಇದನ್ನೇ ಎತ್ತಿ ತೋರಿಸಿದರು. ಅದಕ್ಕೂ ಮುಂಚೆ ಪ್ರಕಟವಾಗಿದ್ದ ಕೆಲವು ಓರೆ ಪ್ರಕ್ರಿಯೆಗಳು ಹೇಳಿದ ರೂಪದಲ್ಲಿ ನಿಲ್ಲುವುದಿಲ್ಲ ಅಂತ.

ಸರಿ, ಡೆಲ್ಟಾ ಹಿಡಿದುಕೊಳ್ಳೋಣ. ಎಲ್ಲ ಕ್ಷಣಕ್ಕೂ ಒಂದೇ ಡೆಲ್ಟಾ, ಒಂದೇ ಗುಪ್ತ ಅಂಕಿ. ಈಗ ತುಂಬಾ ದೂರದ ಎರಡು ಕ್ಷಣ ತಗೊಳ್ಳಿ. ಗಾಸಿಯನ್ ಪಾಲುಗಳ ನಡುವೆ ಸಂಬಂಧ ಸತ್ತುಹೋಗಿದೆ. ಗುಪ್ತ ಅಂಕಿ ಮಾತ್ರ ಎರಡರಲ್ಲೂ ಇದೆ. ಭಟ್ಟಿ ಓಣಿಯವರ ಆಲ್ಫಾ 5ಕ್ಕೆ ಲೆಕ್ಕ ಹಾಕಿದರೆ ಕೋವೇರಿಯನ್ಸ್ 0.35, ವೇರಿಯನ್ಸ್ 0.39. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಕೋರಿಲೇಶನ್ 0.90! ಇವತ್ತು ಬೆಳಿಗ್ಗೆಯ ಧೂಳಿಗೂ ಮುಂದಿನ ಯುಗಾದಿಯ ಧೂಳಿಗೂ 0.90 ಸಂಬಂಧ ಎಂದು ಈ ಮಾದರಿ ಹೇಳುತ್ತಿದೆ. ದೂರ ಹೋದಂತೆ ಸಂಬಂಧ ಶೂನ್ಯಕ್ಕೆ ಇಳಿಯಲೇಬೇಕು ಎಂದು ಹಟ ಹಿಡಿದರೆ ಡೆಲ್ಟಾವೇ ಶೂನ್ಯ ಆಗಬೇಕು. ಅಲ್ಲಿಗೆ ಓರೆಯೂ ಹೋಯಿತು.

ನಮ್ಮೂರಿನ ವಾಣಿವಿಲಾಸ ಸಾಗರ ನೋಡಿದಾಗೆಲ್ಲ ನನಗೆ ಇದು ನೆನಪಾಗುತ್ತದೆ. 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಬಿದ್ದದ್ದು 2022ರಲ್ಲಿ, 89 ವರ್ಷದ ಮೇಲೆ. ವೇದಾವತಿ ನದಿಗೆ ಇರುವುದು ಒಂದೇ ಚರಿತ್ರೆ. ಇನ್ನೂ ಸಾವಿರ ವೇದಾವತಿಗಳನ್ನು ಹರಿಸಿ ನೋಡಲು ಆಗುವುದಿಲ್ಲ. ಇರುವ ಒಂದು ಉದ್ದನೆಯ ದಾಖಲೆಯ ಒಳಗೇ ಓರೆ ಕಾಣುವಂಥ ಮಾದರಿ ನಮಗೆ ಬೇಕು.

ಭಟ್ಟಿ ಓಣಿ

ಇಬ್ಬರಿಗೂ ತುಂಬಾ ಧನ್ಯವಾದ. 0.90 ನೋಡಿ ದಂಗಾದೆ. ಹಾಗಾದರೆ ಗುಪ್ತ ಅಂಕಿಯನ್ನೂ ಲೂಪ್ ಒಳಗೆ ತಂದು, ಅದನ್ನೇ ಇನ್ನೊಂದು ಗಾಸಿಯನ್ ಪ್ರಕ್ರಿಯೆ ಮಾಡಿ, ನಿಮಿಷ ನಿಮಿಷಕ್ಕೂ ಮೈನಸ್ ಅಳಿಸಿದರೆ?

ವೇದಾವತಿ ದಂಡೆ

ಅದೇ ಸರಿಯಾದ ಹೆಜ್ಜೆ. 2010ರಲ್ಲಿ ಝಾಂಗ್ ಮತ್ತು ಎಲ್-ಶಾರಾವಿ ಭೂಪ್ರದೇಶದ ದತ್ತಾಂಶಕ್ಕೆ ಇದೇ ರೂಪ ಬಳಸಿದರು. ಪ್ರಕ್ರಿಯೆ ನಿಜಕ್ಕೂ ಇದೆ, ಪ್ರತಿ ಕ್ಷಣದ ಹಂಚಿಕೆ ಸ್ಕ್ಯೂ ನಾರ್ಮಲ್, ಒಂದೇ ರೆಕಾರ್ಡಿಂಗ್‌ನಲ್ಲಿ ಓರೆ ಕಾಣುತ್ತದೆ. ಆದರೆ ಎರಡು ಬೆಲೆ ತೆರಬೇಕು.

ಮೈನಸ್ ಅಳಿಸಿದಾಗ ಸಂಬಂಧ ಸೊರಗುತ್ತದೆ. ಮೂಲ ಪ್ರಕ್ರಿಯೆಯಲ್ಲಿ 0.5 ಕೋರಿಲೇಶನ್ ಇದ್ದರೆ ಅಳಿಸಿದ ಮೇಲೆ ಉಳಿಯುವುದು 0.22. ಮೂಲದಲ್ಲಿ ಮೈನಸ್ 0.5 ಇದ್ದರೂ ಬರುವುದು ಅದೇ ಪ್ಲಸ್ 0.22. ಏರಿಳಿತದ ಸಿಗ್ನಲ್‌ನಲ್ಲಿ ಮೈನಸ್ ಸಂಬಂಧ ಮುಖ್ಯವಾದರೆ ಅದನ್ನು ಇನ್ನೊಂದು ಪಾಲೇ ಹೊರಬೇಕು.

ಎರಡನೆಯದು ಲೈಕ್ಲಿಹುಡ್, ಅಂದರೆ ಕಂಡ ದತ್ತಾಂಶ ಈ ಮಾದರಿಯಿಂದ ಬರುವ ಸಾಧ್ಯತೆಯ ಲೆಕ್ಕ. ಪ್ರತಿ ನಿಮಿಷದ ಗುಪ್ತ ಅಂಕಿ ಮೊದಲು ಪ್ಲಸ್ ಇತ್ತೋ ಮೈನಸ್ ಇತ್ತೋ ನಮಗೆ ಗೊತ್ತಿಲ್ಲ. ಎಲ್ಲ ಸಾಧ್ಯತೆಗಳನ್ನೂ ಕೂಡಬೇಕು. 10 ನಿಮಿಷಕ್ಕೆ 1024 ಪದಗಳು. ಒಂದು ದಿನದ 1440 ನಿಮಿಷಕ್ಕೆ ಪದಗಳ ಸಂಖ್ಯೆಯನ್ನು ಬರೆದರೆ ಅದೇ 434 ಅಂಕಿ ಉದ್ದ ಇರುತ್ತದೆ. ನೇರ ಲೆಕ್ಕ ಆಗದ ಮಾತು. ಗುಪ್ತ ಪ್ರಕ್ರಿಯೆಯನ್ನು ಒಂದು ಕಾಣದ ಸ್ಥಿತಿ ಎಂದಿಟ್ಟುಕೊಂಡು ಪಾರ್ಟಿಕಲ್ ಫಿಲ್ಟರ್ ಅಥವಾ ಗಿಬ್ಸ್ ಸ್ಯಾಂಪ್ಲಿಂಗ್ ಮಾಡಬೇಕು, ಅಂದರೆ ಆ ಸ್ಥಿತಿಯನ್ನು ಮತ್ತೆ ಮತ್ತೆ ಯಾದೃಚ್ಛಿಕವಾಗಿ ಆರಿಸಿ ಅಂದಾಜು ಮಾಡಬೇಕು.

ದುರ್ಗದ ಗಾಳಿ (ಚಿತ್ರದುರ್ಗ)

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಇಲ್ಲಿ ಗುಡ್ಡದ ಮೇಲಿನ ಗಾಳಿಯಂತ್ರಗಳ ದತ್ತಾಂಶ ನೋಡಿಕೊಳ್ಳುವವನು. ಗಾಳಿಯ ವೇಗವೂ ಬಲಕ್ಕೆ ವಾಲುವಂಥದ್ದೇ. ಆದರೆ ನಮಗೆ ಬರುವುದು 10 ನಿಮಿಷದ ಸರಾಸರಿಗಳು. ಅದರಲ್ಲಿ ಓರೆ ಕಡಿಮೆ, ಸೆಕೆಂಡಿನ ದತ್ತಾಂಶದಲ್ಲಿ ಜಾಸ್ತಿ. ಯಾವುದನ್ನು ನಂಬಬೇಕು?

ಲೆಕ್ಕದ ಮೇಷ್ಟ್ರು

ಎರಡೂ ನಿಜ. ಗಾಸಿಯನ್ ಸಿಗ್ನಲ್ಲನ್ನು ಯಾವ ಲೀನಿಯರ್ ಫಿಲ್ಟರ್‌ಗೆ (ಅಂಕಿಗಳನ್ನು ಸ್ಥಿರಾಂಕಗಳಿಂದ ಗುಣಿಸಿ ಕೂಡಿಸುವುದಷ್ಟೇ ಅದರ ಕೆಲಸ) ಹಾಕಿದರೂ ಗಾಸಿಯನ್ ಆಗಿಯೇ ಹೊರಗೆ ಬರುತ್ತದೆ. ಓರೆ ಸಿಗ್ನಲ್‌ಗೆ ಆ ಭಾಗ್ಯ ಇಲ್ಲ. ಎರಡು ಬೇರೆ ಬೇರೆ ಸ್ಕ್ಯೂ ನಾರ್ಮಲ್ ಕೂಡಿಸಿದರೆ ಸಾಮಾನ್ಯವಾಗಿ ಸ್ಕ್ಯೂ ನಾರ್ಮಲ್ ಸಿಗುವುದಿಲ್ಲ. ಸರಾಸರಿ ಮಾಡುವುದೂ ಒಂದು ಫಿಲ್ಟರೇ. ಒಂದಕ್ಕೊಂದು ಸಂಬಂಧ ಇಲ್ಲದ 5 ಅಂಕಿಗಳ ಸರಾಸರಿ ತೆಗೆದರೆ ಸ್ಕ್ಯೂನೆಸ್ 5ರ ವರ್ಗಮೂಲದಷ್ಟು ಇಳಿಯುತ್ತದೆ. 0.85 ಇದ್ದದ್ದು 0.38 ಆಗುತ್ತದೆ. 25 ಅಂಕಿಗಳಾದರೆ 0.17. ಗಾಳಿಯಲ್ಲಿ ಪಕ್ಕಪಕ್ಕದ ಸೆಕೆಂಡುಗಳಿಗೆ ಸಂಬಂಧ ಇರುವುದರಿಂದ ಇಷ್ಟು ಬೇಗ ಇಳಿಯುವುದಿಲ್ಲ, ಆದರೆ ಇಳಿಯುತ್ತದೆ. ಆದ್ದರಿಂದ ಓರೆಯ ಅಂಕಿ ಹೇಳುವಾಗ ಎಷ್ಟು ಹೊತ್ತಿನ ಸರಾಸರಿ ಎಂದೂ ಜೊತೆಗೇ ಹೇಳಬೇಕು. ಒಂದನ್ನು ಬಿಟ್ಟು ಇನ್ನೊಂದಕ್ಕೆ ಅರ್ಥ ಇಲ್ಲ.

ಭಟ್ಟಿ ಓಣಿಯವರೇ, ನಿಮ್ಮ ಧೂಳಿನ ಸ್ಕ್ಯೂನೆಸ್ ಎಷ್ಟು ಬಂತು? ಅದನ್ನೇ ಕೇಳಲಿಲ್ಲ ನೋಡಿ.

ಭಟ್ಟಿ ಓಣಿ

ಬೆಳಗಿನ ಹೊತ್ತು ಭಟ್ಟಿ ನಡೆಯುವಾಗ 1.4 ಹತ್ತಿರ ಸರ್.

ಲೆಕ್ಕದ ಮೇಷ್ಟ್ರು

ಹಾಗಿದ್ದರೆ ಸ್ಕ್ಯೂ ನಾರ್ಮಲ್ ಬಿಟ್ಟುಬಿಡಿ. ಆಲ್ಫಾವನ್ನು ಎಷ್ಟೇ ಎಳೆದರೂ ಅದರ ಸ್ಕ್ಯೂನೆಸ್ 0.995 ದಾಟುವುದಿಲ್ಲ. ಒಳಗಿನ ಅಂಕಿ ಪೂರ್ತಿ ಅರ್ಧ ನಾರ್ಮಲ್ ಆದಾಗ ಅಲ್ಲಿಗೆ ನಿಲ್ಲುತ್ತದೆ. 1.4 ಅದರ ಅಳವಿನಲ್ಲಿಲ್ಲ.

ಉಸುಕು ಮಂಡಕ್ಕಿ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ನಾನು ಬಿ.ಎಸ್‌ಸಿ ಓದುತ್ತಿದ್ದೇನೆ, ನಮ್ಮ ಮನೆಯವರದು ಭಟ್ಟಿ ಕೆಲಸ. ನಿಮ್ಮ ಲೆಕ್ಕ ಅರ್ಧ ಅರ್ಥವಾಯಿತು. ಹೊಗೆ ಬಗ್ಗೆ ಮಾತ್ರ ನನಗೆ ಚೆನ್ನಾಗಿ ಗೊತ್ತು, ಅದನ್ನು ಹೇಳುತ್ತೇನೆ.

ಒಲೆಗೆ ಭತ್ತದ ಹೊಟ್ಟು ಸುರಿದ ತಕ್ಷಣ ಹೊಗೆ ದಪ್ಪಗೆ ಏಳುತ್ತದೆ. ಎರಡು ಮೂರು ನಿಮಿಷದಲ್ಲಿ ಓಣಿ ತುಂಬಿಬಿಡುತ್ತದೆ. ಉರಿ ಹತ್ತಿದ ಮೇಲೆ ಹೊಗೆ ನಿಂತರೂ ಓಣಿಯಲ್ಲಿ ತುಂಬಿದ್ದು ನಿಧಾನಕ್ಕೆ ಹೋಗುತ್ತದೆ. ಅಪ್ಪ ಉಸುಕು ಬಿಸಿ ಮಾಡಿ ಅಕ್ಕಿ ಹಾಕಿ ಜರಡಿ ಹಿಡಿಯುವಷ್ಟರಲ್ಲಿ ಸ್ವಲ್ಪ ತಿಳಿಯಾಗಿರುತ್ತದೆ, ಆಗ ಮತ್ತೆ ಹೊಟ್ಟು. ಏರುವುದು ಬೇಗ, ಇಳಿಯುವುದು ತಡ. ನಿಮ್ಮ ಸೂತ್ರದಲ್ಲಿ ಇದು ಬರುತ್ತದಾ?

ವೇದಾವತಿ ದಂಡೆ

ತಮ್ಮಾ, ಇಡೀ ಚರ್ಚೆಯಲ್ಲಿ ಬರಬೇಕಾಗಿದ್ದ ಮಾತು ಇದೇ. ಬರುವುದಿಲ್ಲ. ಯಾಕೆ ಬರುವುದಿಲ್ಲ ಎಂದು ನಿಧಾನವಾಗಿ ಹೇಳುತ್ತೇನೆ.

ನಿಂತ (ಕಾಲ ಕಳೆದರೂ ಸ್ವಭಾವ ಬದಲಾಗದ) ಗಾಸಿಯನ್ ಸಿಗ್ನಲ್ ಒಂದನ್ನು ಹಿಂದುಮುಂದಾಗಿ ಓಡಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ. ಅದರ ಎಲ್ಲ ಗುಣವೂ ಕೋವೇರಿಯನ್ಸ್‌ನಲ್ಲಿದೆ, ಕೋವೇರಿಯನ್ಸ್ ಮುಂದಕ್ಕೂ ಹಿಂದಕ್ಕೂ ಒಂದೇ. ಈಗ ಮೈನಸ್ ಅಳಿಸಿದ ಗಾಸಿಯನ್‌ಗೆ ಬೇರೊಂದು ಗಾಸಿಯನ್ ಕೂಡಿಸಿದಿರಿ. ಎರಡೂ ಹಿಂದುಮುಂದು ಒಂದೇ ಆಗಿದ್ದವು, ಮೊತ್ತವೂ ಹಾಗೇ ಉಳಿಯುತ್ತದೆ. ಧೂಳಿನ ಲಾಗರಿದಮ್ ತೆಗೆದು ಗಾಸಿಯನ್ ಎನ್ನುವ ರೂಢಿಯೂ ಇದೆ. ಅಲ್ಲಿ 1.4 ಸಲೀಸಾಗಿ ಸಿಗುತ್ತದೆ, ಆದರೆ ಕಾಲದ ವಿಷಯದಲ್ಲಿ ಅದೇ ಕಥೆ. ಹಿಸ್ಟೋಗ್ರಾಂ ಓರೆ ಆಗುತ್ತದೆ, ಕಾಲ ಓರೆ ಆಗುವುದಿಲ್ಲ. ಏರುವುದಕ್ಕೂ ಇಳಿಯುವುದಕ್ಕೂ ಅಷ್ಟೇ ಹೊತ್ತು ಹಿಡಿಯುತ್ತದೆ.

ಎರಡು ಬೇರೆ ಬೇರೆ ಓರೆಗಳಿವೆ ಎಂದು ನನ್ನ ಖಚಿತ ಅಭಿಪ್ರಾಯ. ಒಂದು ಅಂಕಿಗಳ ಓರೆ, ಇನ್ನೊಂದು ನಡಿಗೆಯ ಓರೆ. ಗಾಸಿಯನ್ ಪ್ರಕ್ರಿಯೆಯನ್ನು ವಿಸ್ತರಿಸುವವರು ಬಹುಪಾಲು ಮೊದಲನೆಯದಕ್ಕೇ ಗಮನ ಕೊಡುತ್ತಾರೆ. ಸಿಗ್ನಲ್‌ಗೆ ಎರಡನೆಯದೇ ಜೀವ.

ಪರೀಕ್ಷೆ ತುಂಬಾ ಸುಲಭ, ಭಟ್ಟಿ ಓಣಿಯವರೇ. ಪ್ರತಿ ನಿಮಿಷದ ರೀಡಿಂಗ್‌ನಿಂದ ಹಿಂದಿನ ನಿಮಿಷದ್ದನ್ನು ಕಳೆಯಿರಿ. ಆ ವ್ಯತ್ಯಾಸಗಳ ಹಿಸ್ಟೋಗ್ರಾಂ ಹಾಕಿ. ಹಿಂದುಮುಂದು ಒಂದೇ ಆಗಿರುವ ಪ್ರಕ್ರಿಯೆಯಾದರೆ ಶೂನ್ಯದ ಎರಡೂ ಕಡೆ ಸಮ ಇರಬೇಕು.

ಭಟ್ಟಿ ಓಣಿ

ಈಗಷ್ಟೇ ಹಾಕಿದೆ. ಸಮ ಇಲ್ಲವೇ ಇಲ್ಲ! ಶೂನ್ಯಕ್ಕಿಂತ ಒಂದು ಚೂರು ಎಡಗಡೆ ಎಲ್ಲ ಗುಂಪಾಗಿ ನಿಂತಿವೆ. ಬಲಗಡೆ ದೂರದೂರಕ್ಕೆ ಒಂದೊಂದು ಅಂಕಿ ಚೆಲ್ಲಿದೆ. ಸಣ್ಣ ಸಣ್ಣ ಇಳಿತ ನೂರಾರು, ದೊಡ್ಡ ಏರು ಕೆಲವೇ ಕೆಲವು. ಇಷ್ಟು ದಿನ ಹಿಸ್ಟೋಗ್ರಾಂ ಒಂದನ್ನೇ ನೋಡುತ್ತಾ ಕೂತಿದ್ದೆ. ಗ್ರಾಫನ್ನು ಉದ್ದಕ್ಕೆ ಬಿಡಿಸಿ ನೋಡಿದರೆ ಉಸುಕು ಮಂಡಕ್ಕಿ ಹೇಳಿದ ಹಾಗೇ ಇದೆ. ಗರಗಸದ ಹಲ್ಲಿನ ಥರ.

ಲೆಕ್ಕದ ಮೇಷ್ಟ್ರು

ಹಾಗಿದ್ದರೆ ಓರೆಯನ್ನು ಮೇಲಿನಿಂದ ಹಚ್ಚುವುದು ಬೇಡ, ಕೆಳಗಿನಿಂದ ಬರಲಿ. ಒಳಗೆ ಹೋಗುವ ನೂಕೇ ಓರೆ, ಫಿಲ್ಟರ್ ಲೀನಿಯರ್.

ಇದಕ್ಕೆ ಹಳೆಯ ಒಳ್ಳೆ ಮಾದರಿ ಇದೆ, ಶಾಟ್ ನಾಯ್ಸ್. ಭೌತವಿಜ್ಞಾನಿ ನಾರ್ಮನ್ ಕ್ಯಾಂಬೆಲ್ 1909ರಲ್ಲೇ ಅದರ ಲೆಕ್ಕ ಹಾಕಿದ. ಯಾವಾಗಲೋ ಒಂದು ನೂಕು ಬೀಳುತ್ತದೆ, ಸಿಗ್ನಲ್ ಒಮ್ಮೆಗೇ ಏರುತ್ತದೆ, ಆಮೇಲೆ ನಿಧಾನವಾಗಿ ಇಳಿಯುತ್ತದೆ. ಇಳಿಯುವಷ್ಟರಲ್ಲಿ ಮತ್ತೊಂದು ನೂಕು. ನಿಮ್ಮ ಹೊಟ್ಟಿನ ಹೊಗೆ ಅಕ್ಷರಶಃ ಇದೇ.

ನೂಕುಗಳು ಪಾಯ್ಸನ್ ರೀತಿ, ಅಂದರೆ ಒಂದಕ್ಕೊಂದು ಸಂಬಂಧವಿಲ್ಲದೆ ಯಾವಾಗಲೋ ಬೀಳುತ್ತವೆ, ನೂಕಿನ ಎತ್ತರ ಎಕ್ಸ್‌ಪೊನೆನ್ಶಿಯಲ್, ಇಳಿತವೂ ಎಕ್ಸ್‌ಪೊನೆನ್ಶಿಯಲ್ ಎಂದುಕೊಳ್ಳಿ. ಆಗ ಸಿಗ್ನಲ್‌ನ ಹಂಚಿಕೆ ಸರಿಯಾಗಿ ಗಾಮಾ, ಬಲಗಡೆ ಬಾಲ ಇರುವಂಥದ್ದು. ಒಂದು ಇಳಿತದ ಅವಧಿಯಲ್ಲಿ ಸರಾಸರಿ ಎಷ್ಟು ನೂಕು ಬೀಳುತ್ತವೆ ಎಂದು ಎಣಿಸಿ, ಅದರ ವರ್ಗಮೂಲದಿಂದ 2ನ್ನು ಭಾಗಿಸಿದರೆ ಸ್ಕ್ಯೂನೆಸ್. ನೂಕುಗಳು ಹೆಚ್ಚಿದಷ್ಟೂ ಓರೆ ಕಡಿಮೆಯಾಗುತ್ತಾ ಗಾಸಿಯನ್ ಕಡೆ ಹೋಗುತ್ತದೆ. ನಮ್ಮ ಹಳೇ ಗಾಸಿಯನ್ ಎಲ್ಲಿಗೂ ಹೋಗಿಲ್ಲ, ಈ ದಾರಿಯ ಕೊನೆಯಲ್ಲಿ ನಿಂತಿದೆ. ನನಗೆ ಈ ವಿಸ್ತರಣೆ ಇಷ್ಟವಾಗುವುದು ಇದಕ್ಕೇ.

ಕೋರಿಲೇಶನ್ ಎಷ್ಟು ನಿಮಿಷದಲ್ಲಿ 0.37ಕ್ಕೆ ಇಳಿಯುತ್ತದೆ ನೋಡಿ ಹೇಳಿ. ಅದೇ ಇಳಿತದ ಅವಧಿ.

ಭಟ್ಟಿ ಓಣಿ

ಸುಮಾರು 20 ನಿಮಿಷ ಸರ್. ಸ್ಕ್ಯೂನೆಸ್ 1.4 ಎಂದರೆ 20 ನಿಮಿಷಕ್ಕೆ 2 ನೂಕು. ಅಂದರೆ 10 ನಿಮಿಷಕ್ಕೊಂದು. ಉಸುಕು ಮಂಡಕ್ಕಿ, ಒಲೆಗೆ ಎಷ್ಟು ಹೊತ್ತಿಗೊಮ್ಮೆ ಹೊಟ್ಟು ಸುರಿಯುತ್ತೀರಿ?

ಉಸುಕು ಮಂಡಕ್ಕಿ

ನಮ್ಮ ಒಲೆಗೆ ಕಾಲು ಗಂಟೆಗೋ ಇಪ್ಪತ್ತು ನಿಮಿಷಕ್ಕೋ ಒಮ್ಮೆ ಸರ್. ಆದರೆ ನಿಮ್ಮ ಓಣಿ ಕಡೆಗೆ ಬಾಗಿಲು ಇರುವ ಭಟ್ಟಿ ಎರಡಿವೆ.

ದುರ್ಗದ ಗಾಳಿ

ಎರಡು ಒಲೆ ಸೇರಿ 8ರಿಂದ 10 ನಿಮಿಷಕ್ಕೊಂದು! ಮೈ ಜುಮ್ಮೆಂದಿತು. ಒಲೆಯ ಹತ್ತಿರ ಹೋಗದೆ ಮಹಡಿ ಮೇಲಿನ ಸೆನ್ಸರ್ ಹೊಟ್ಟು ಎಣಿಸಿತಲ್ಲ.

ವೇದಾವತಿ ದಂಡೆ

ನನಗೂ ಖುಷಿಯಾಯಿತು. ಆದರೆ ಒಂದು ಎಚ್ಚರಿಕೆ. ಹೊಟ್ಟು ಸುರಿಯುವುದು ಪಾಯ್ಸನ್ ಅಲ್ಲ, ಕೆಲಸಗಾರರು ಒಂದು ಲಯದಲ್ಲಿ ಸುರಿಯುತ್ತಾರೆ. ಲಯ ಇದ್ದು, ಪ್ರತಿ ಸಲದ ನೂಕೂ ಹೆಚ್ಚುಕಮ್ಮಿ ಒಂದೇ ಎತ್ತರ ಇದ್ದರೆ ಓರೆ ಕಡಿಮೆ ಬರಬೇಕು. ಹಾಗಿದ್ದೂ 1.4 ಬಂದಿದೆ ಎಂದರೆ ಬೇರೆ ಏನೋ ಅದನ್ನು ಎತ್ತಿ ಹಿಡಿದಿರಬಹುದು. ಗಾಳಿ ತಿರುಗಿದಾಗ ಹೊಗೆ ನಿಮ್ಮ ಮಹಡಿ ಕಡೆ ಬರುವುದೇ ಇಲ್ಲ ಅಲ್ವಾ? ಆಗ ಎಷ್ಟೋ ನೂಕುಗಳು ಸೆನ್ಸರ್‌ಗೆ ಸಿಗುವುದೇ ಇಲ್ಲ. ಹೊಟ್ಟು ಸುರಿದ ಹೊತ್ತನ್ನು ಗಡಿಯಾರ ನೋಡಿ ಬರೆದಿಟ್ಟುಕೊಂಡರೆ ಎರಡನ್ನೂ ಬಿಡಿಸಿ ನೋಡಬಹುದು.

ದುರ್ಗದ ಗಾಳಿ

ಗಾಳಿಯ ದಿಕ್ಕು ಅಳೆಯುವ ಸಣ್ಣದೊಂದು ಉಪಕರಣ ನನ್ನ ಹತ್ತಿರ ಮನೆಯಲ್ಲಿ ಸುಮ್ನೆ ಬಿದ್ದಿದೆ. ಭಾನುವಾರ ದಾವಣಗೆರೆಗೆ ಬರುವುದಿದೆ, ತಂದುಕೊಡುತ್ತೇನೆ. ನಿಮ್ಮ ಮಹಡಿಯಲ್ಲಿ ಸೆನ್ಸರ್ ಪಕ್ಕದಲ್ಲೇ ನಿಲ್ಲಿಸೋಣ.

ಉಸುಕು ಮಂಡಕ್ಕಿ

ಹೊಟ್ಟಿನ ಹೊತ್ತು ನಾನು ಬರೆದಿಡುತ್ತೇನೆ. ಬೆಳಿಗ್ಗೆ 5ಕ್ಕೆ ಒಲೆ ಹಚ್ಚುತ್ತೇವೆ. ಪಕ್ಕದ ಭಟ್ಟಿಯವರಿಗೂ ಹೇಳುತ್ತೇನೆ.

ಭಟ್ಟಿ ಓಣಿ

ಭಾನುವಾರ ಎಲ್ಲರೂ ನಮ್ಮ ಮನೆಗೇ ಬನ್ನಿ, ಮೇಷ್ಟ್ರೂ ಬರಬೇಕು. ಸೆನ್ಸರ್ ಗಡಿಯಾರವನ್ನೂ ಉಸುಕು ಮಂಡಕ್ಕಿ ತಮ್ಮನ ಗಡಿಯಾರವನ್ನೂ ಮೊದಲು ಒಂದೇ ಹೊತ್ತಿಗೆ ಹೊಂದಿಸಬೇಕು. ಒಂದೆರಡು ನಿಮಿಷ ಹೆಚ್ಚುಕಮ್ಮಿ ಆದರೂ ಏರು ಎಲ್ಲಿಂದ ಶುರುವಾಯಿತು ಎಂದು ಗೊತ್ತಾಗುವುದಿಲ್ಲ.